ನಾಲ್ಕು ಮೇಜು, ಹನ್ನೆರಡು ಕುರ್ಚಿ

"ಸ್ವಲ್ಪ ಓರೆ ಮಾಡಮ್ಮ, ಇಲ್ಲಾಂದ್ರೆ ಬಾಗಿಲಿಗೆ ತಾಗುತ್ತೆ," ಎಂದ ಮುದುಕ ಪಾಲಿಶ್‌ಗಾರ.

ಮಗಳು ಖಾಲಿ ಶವಪೆಟ್ಟಿಗೆಯ ತುದಿ ಎತ್ತಿ ಓರೆ ಮಾಡಿದಳು. ಪೆಟ್ಟಿಗೆ ಒಳಬಂತು. ಗೋಡೆ ಪಕ್ಕದ ಮಂಚದಲ್ಲಿ ತಾಯಿ ಮಲಗಿದ್ದರು. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಎಂಬಂತಿತ್ತು.

"ಫ್ಯಾಕ್ಟರಿಯಿಂದ ಇಷ್ಟು ಜನ ಬರ್ತೀರಿ ಅಂದ್ಕೊಂಡಿರಲಿಲ್ಲ ಮಾಮ. ಅಮ್ಮ ಕೊನೇ ಆರು ವರ್ಷ ಗೋದಾಮಲ್ಲಿ ಮೊಳೆ ಎಣಿಸ್ಕೊಂಡಿದ್ದವರು. ಲೆಕ್ಕ ತಪ್ಪಿ ಅಲ್ಲಿಗೆ ಹಾಕಿದ್ರಂತಲ್ಲ?"

"ಫ್ಯಾಕ್ಟರಿ ಲೆಕ್ಕ ಬರೀತಿದ್ದ ನಮ್ಮ ಲೆಕ್ಕದಮ್ಮನಿಗೆ ಲೆಕ್ಕ ತಪ್ಪುತ್ತಾ? ಯಾರಂದ್ರು?"

"ಅಮ್ಮನೇ."

"ಸರಿಹೋಯ್ತು!" ಮುದುಕ ನಕ್ಕುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು, ನಡೆದದ್ದನ್ನು ಹೇಳಿದ.

*

ಮೇಜು ಕುರ್ಚಿ ಮಾಡುವ ಆ ಫ್ಯಾಕ್ಟರಿಯ ಪಾಲಿಶ್ ಕೋಣೆಯಲ್ಲಿ ಒಬ್ಬ ತಲೆಸುತ್ತಿ ಬಿದ್ದಿದ್ದ. ಪಾಲಿಶ್‌ನ ಘಾಟಿಗೆ ಶ್ವಾಸಕೋಶ ಕೆಡುತ್ತದೆ, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಯಾರೂ ಅದರಲ್ಲಿ ಇರಕೂಡದೆಂದು ವೈದ್ಯರು ಬರೆದರು. ಪಾಲಿಶ್‌ನವರು ಐದು ಜನ, ಒಟ್ಟು ಇಪ್ಪತ್ತು ಗಂಟೆ. ಮೇಜಿಗೆ ಎರಡು ಗಂಟೆ ಪಾಲಿಶ್, ಕುರ್ಚಿಗೆ ಒಂದು. ಬಡಗಿಗಳಿಂದ ಮೇಜು ಕುರ್ಚಿ ಎಲ್ಲ ಸೇರಿ ದಿನಕ್ಕೆ ಹದಿನಾರಕ್ಕಿಂತ ಹೆಚ್ಚು ಆಗದು. ಲಾಭ ಮೇಜಿಗೆ ಮೂರು ಪಾಲು, ಕುರ್ಚಿಗೆ ಎರಡು.

ದಿನಕ್ಕೆ ಎಷ್ಟು ಮೇಜು, ಎಷ್ಟು ಕುರ್ಚಿ ಎಂದು ಮ್ಯಾನೇಜರ್ ಲೆಕ್ಕ ಹಾಕಿದ ಹಾಳೆಯಲ್ಲಿ ಪಾಲಿಶ್ ಸಮಯಕ್ಕೆ ‘ಇಪ್ಪತ್ತು ಅಥವಾ ಹೆಚ್ಚು’ ಎಂಬ ಚಿಹ್ನೆಯಿತ್ತು. ಲೆಕ್ಕದಮ್ಮ ಅದನ್ನು ‘ಇಪ್ಪತ್ತು ಅಥವಾ ಕಡಿಮೆ’ ಎಂದು ತಿದ್ದಿದರು. ಗ್ರಾಫ್ ಹಾಳೆಯಲ್ಲಿ ಪಾಲಿಶ್ ಗಂಟೆಗೊಂದು, ಒಟ್ಟು ಸಂಖ್ಯೆಗೊಂದು ಎಂದು ಎರಡು ಗೆರೆ ಎಳೆದು, ಎರಡಕ್ಕೂ ಕೆಳಗೆ ಬರುವ ಜಾಗಕ್ಕೆ ಪೆನ್ಸಿಲ್ ತೀಡಿದರು. ಆ ಜಾಗದ ಮೂಲೆಗಳನ್ನೆಲ್ಲ ಪರೀಕ್ಷಿಸಿದಾಗ ಲಾಭ ಹೆಚ್ಚಿದ್ದುದು ಗೆರೆಗಳು ಕೂಡುವಲ್ಲಿ: ನಾಲ್ಕು ಮೇಜು, ಹನ್ನೆರಡು ಕುರ್ಚಿ.

"ನನ್ನ ಲೆಕ್ಕದಲ್ಲಿ ಹದಿನಾರೂ ಮೇಜೇ. ಲಾಭನೂ ಜಾಸ್ತಿ," ಎಂದರು ಮ್ಯಾನೇಜರ್. "ಒಂದು ಚಿಹ್ನೆ ತಿರುಗಿದ್ರೆ ಆಕಾಶ ಕಳಚಿ ಬೀಳುತ್ತಾ?"

"ಹದಿನಾರು ಮೇಜಿಗೆ ಮೂವತ್ತೆರಡು ಗಂಟೆ ಪಾಲಿಶ್ ಸಾರ್. ತಲೆಗೆ ಆರು ಗಂಟೆ ದಾಟುತ್ತೆ. ಗೆರೆ ಅಲ್ಲೇ ಇರುತ್ತೆ, ಜನ ಯಾವ ಕಡೆ ಅನ್ನೋದು ಬದಲಾಗುತ್ತೆ."

"ನನ್ನ ಹಾಳೆಗೆ ನೀವು ಸಹಿ ಹಾಕಿ, ಸಾಕು."

"ಹಾಕಲ್ಲ."

ಲೆಕ್ಕದಮ್ಮ ತಮ್ಮ ಗ್ರಾಫ್ ಹಾಳೆಯನ್ನು ಪಾಲಿಶ್ ಕೋಣೆಗೆ ಒಯ್ದು ಐವರಿಗೂ ಬೆರಳಿಟ್ಟು ತೋರಿಸಿದರು. ಮರುದಿನ ನಾಲ್ಕು ಗಂಟೆ ತುಂಬಿದೊಡನೆ ಐವರೂ ಕೈಬಟ್ಟೆ ಕೆಳಗಿಟ್ಟು ಹೊರಬಂದರು. ಮೂರು ದಿನ ಹಾಗೇ ನಡೆದ ಮೇಲೆ ಮ್ಯಾನೇಜರ್ ಒಪ್ಪಿದರು. ನಾಲ್ಕನೆಯ ದಿನ ಲೆಕ್ಕದಮ್ಮನನ್ನು ಗೋದಾಮಿಗೆ ಹಾಕಿದರು.

*

"ಲೆಕ್ಕ ಬರಲ್ಲ ಅಂತ ನಾನು ಅಮ್ಮನ್ನ ಎಷ್ಟು ಸಲ ಆಡ್ಕೊಂಡಿದ್ದೀನಿ ಗೊತ್ತಾ ಮಾಮ?"

"ಅವರೂ ನಗ್ತಿದ್ರಲ್ವಾ?"

"ಹೂಂ."

"ಹಾಗಾದ್ರೆ ಬಿಡು ಮಗಳೇ."

ಸ್ಮಶಾನದ ದಾರಿ ಕಡಿದಾದ ಏರು. ಕೆಳಗೆ ಕಾದಿದ್ದ ವ್ಯಾನನ್ನು ಪಾಲಿಶ್ ಕೋಣೆಯ ಮುದುಕರು ಬೇಡವೆಂದರು. ಐವರೂ ಎಪ್ಪತ್ತರ ಆಸುಪಾಸಿನವರು. ಪೆಟ್ಟಿಗೆಗೆ ಹೆಗಲು ಕೊಟ್ಟರು. ಆರನೆಯ ಹೆಗಲು ಮಗಳದು. ಅರ್ಧ ಏರುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಉಳಿದ ಐವರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತ, ಎಲ್ಲೂ ನಿಲ್ಲದೆ, ಮೇಲೇರುತ್ತಿದ್ದರು.