ಹದಿನಾಲ್ಕನೆಯ ಕಲಮು

ಸದನದ ನಡುವೆ, ಸಭಾಧ್ಯಕ್ಷರ ಪೀಠದ ಕೆಳಗೆ ಶೀಘ್ರಲಿಪಿಗಾರರ ಮೇಜು. ಒಬ್ಬೊಬ್ಬರ ಸರದಿ ಐದೇ ನಿಮಿಷ. ಮುಂದಿನವರು ಬಂದು ಹೆಗಲು ಮುಟ್ಟಿದರೆ ಎದ್ದು ಹೋಗಿ, ಬರೆದದ್ದನ್ನು ಹಿಂದಿನ ಕೋಣೆಯಲ್ಲಿ ಟೈಪು ಮಾಡಬೇಕು. ಆ ಐದು ನಿಮಿಷ ಮಾತು ಕಿವಿಯಿಂದ ನೇರ ಕೈಗಿಳಿಯುತ್ತದೆ. ನಡುವೆ ತಲೆ ಹಾಕಿದರೆ ಪೆನ್ಸಿಲು ಹಿಂದೆ ಬೀಳುತ್ತದೆ. ಆ ಮೇಜಿಗೆ ಕೂರುವವರಲ್ಲಿ ಅವಳಿಗಂತೂ ಹೇಳಿ ಮಾಡಿಸಿದ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಪೊಟ್ಟಣ ಗಾಂಜಾ ಸಿಕ್ಕಿತೆಂದು ಅಣ್ಣನನ್ನು ಏಳು ವರ್ಷಕ್ಕೆ ಒಳಗೆ ಹಾಕಿದ ಮೇಲೆ, ತಲೆಗೆ ಕೆಲಸ ಕೊಡುವುದನ್ನೇ ಅವಳು ಬಿಟ್ಟಿದ್ದಳು. ಜೈಲಿಗೆ ಒಮ್ಮೆಯೂ ಹೋಗಿರಲಿಲ್ಲ. ಗಾಜಿನ ಆಚೆ ಕೂತವನ ಜೊತೆ ಏನೆಂದು ಮಾತಾಡುವುದು? ತಿಂಗಳು ತಿಂಗಳು ಅಮ್ಮನೇ ಹೋಗಿ ಬರುತ್ತಿದ್ದಳು.

ಅಂದು ಅಮ್ಮ ಹೋಗುವ ದಿನ. ಸಮಿತಿಯಿಂದ ಸಮಿತಿಗೆ ಹನ್ನೆರಡು ವರ್ಷ ಅಲೆದ ಗಾಂಜಾ ಕಾನೂನಿನ ತಿದ್ದುಪಡಿ ಮಸೂದೆ ಮತಕ್ಕೆ ಬಂದದ್ದೂ ಅಂದೇ. ಇನ್ನು ಮುಂದೆ ಸ್ವಲ್ಪ ಇಟ್ಟುಕೊಂಡಿದ್ದರೆ ಅಪರಾಧವಲ್ಲ ಎನ್ನುವುದು ಅದರ ತಿರುಳು. ಹದಿನಾಲ್ಕನೆಯ ಕಲಮು ಮಾತ್ರ ಅವರ ಮನೆಯದು: ಅದೇ ತಪ್ಪಿಗೆ ಈಗಾಗಲೇ ಒಳಗಿರುವವರನ್ನೂ ಬಿಡಬೇಕು.

"ಎರಡು ಗಂಟೆಗೆ ಗೇಟಲ್ಲಿ ಫೋನು ಇಸ್ಕೊಳ್ತಾರೆ," ಎಂದಿದ್ದಳು ಅಮ್ಮ. "ಅಷ್ಟರೊಳಗೆ ಗೊತ್ತಾದ್ರೆ ಹೇಳೇ. ಬರೀ ಕೈಲಿ ಹೋಗಿ ಹೋಗಿ ಸಾಕಾಗಿದೆ."

ಸರದಿ ಮುಗಿಸಿ ಎದ್ದ ಸಹೋದ್ಯೋಗಿ, ಎಲ್ಲರೂ ಮಾತಿನಮಲ್ಲಿ ಎನ್ನುವವಳು, ಪಿಸುಗುಟ್ಟಿದಳು: "ಹೋಗಮ್ಮ ಮೌನಗೌರಿ. ಎಲ್ಲಾ ಕೋಲೆಬಸವನ ಹಾಗೆ ಗೋಣು ಆಡಿಸ್ತಿದಾರೆ. ನಿದ್ದೆ ಮಾಡ್ಕೊಂಡೇ ಬರೀಬಹುದು."

ನಿಜ. ಕಲಮುಗಳು ಒಂದರ ಹಿಂದೊಂದು ಒಂದೇ ರಾಗದಲ್ಲಿ ಸಾಗಿದ್ದವು: ಹೌದು ಎನ್ನುವವರ ಕಡೆ ಬಹುಮತ, ಅಂಗೀಕೃತ. ಇಂಥ ಹೊತ್ತಿಗೆಂದೇ ಅವರಲ್ಲೊಂದು ಕಳ್ಳದಾರಿಯುಂಟು. ಸಭಾಧ್ಯಕ್ಷರು ಬಾಯಿ ತೆರೆಯುವ ಮುನ್ನವೇ ಕೊನೆಯ ಸಾಲನ್ನು ಬರೆದಿಟ್ಟು ಎರಡು ಉಸಿರು ಉಳಿಸಿಕೊಳ್ಳುವುದು, ಬೇರೆಯಾದರೆ ಹೊಡೆದುಹಾಕುವುದು. ಹದಿನಾಲ್ಕಕ್ಕೂ ಅವಳ ಕೈ ಅದನ್ನೇ ಮಾಡಿತು. ಆಮೇಲೆ ಗದ್ದಲವೆದ್ದಿತು. ಯಾರೋ ಮೇಜು ಗುದ್ದಿದರು, ಸಭಾಧ್ಯಕ್ಷರ ಮಾತು ಅದರಲ್ಲಿ ಮುಳುಗಿತು. ಅಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು.

ಹಿಂದಿನ ಕೋಣೆಯಲ್ಲಿ ಪುಟ ತೆರೆದು ಓದಿದಳು. ಅಂಗೀಕೃತ. ಗಡಿಯಾರ ಎರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಮೆಟ್ಟಿಲ ಬಳಿ ನಿಂತು ಫೋನು ಮಾಡಿದಳು.

"ಪಾಸಾಯ್ತಮ್ಮ."

"ಕಿವಿಯಾರೆ ಕೇಳಿದ್ಯೇನೇ?"

"ಕೈಯಾರೆ ಬರೆದೆ."

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಅಮ್ಮನ ದನಿ ಒಡೆಯಿತು. "ಇಡ್ತೀನಿ, ಕರೀತಿದಾರೆ."

ಸಂತೋಷವಾಗಬೇಕಿತ್ತು. ನಾಳೆ ಆಗಬಹುದು ಅಂದುಕೊಂಡು ಟೈಪು ಮಾಡಲು ಕುಳಿತಳು.

ಎರಡೂವರೆಗೆ ಶೀಘ್ರಲಿಪಿ ವಿಭಾಗದ ಮುಖ್ಯಸ್ಥರು ಕಿವಿಗೆ ಸಿಕ್ಕಿಸಿದ್ದ ಹೆಡ್‌ಫೋನು ತೆಗೆದು ಅವಳತ್ತ ಚಾಚಿದರು. ಪ್ರತಿಯೊಂದು ಪುಟವನ್ನೂ ಧ್ವನಿಮುದ್ರಣದ ಜೊತೆ ತಾಳೆ ನೋಡುವುದು ಅವರ ಕೆಲಸ. ಗದ್ದಲದ ಅಡಿಯಲ್ಲಿ ಸಭಾಧ್ಯಕ್ಷರ ದನಿ ಸ್ಪಷ್ಟವಾಗಿತ್ತು. ಇಲ್ಲ ಎನ್ನುವವರ ಕಡೆ ಬಹುಮತವಿದೆ. ಹದಿನಾಲ್ಕನೆಯ ಕಲಮು ತಿರಸ್ಕೃತವಾಗಿದೆ.

"ಮುಂದಾಗಿ ಬರೆದಿಟ್ಟು ಮರೆತೆ, ಅಲ್ವಾ?" ಮುಖ್ಯಸ್ಥರು ನಕ್ಕರು. "ನಾನು ಒಂದ್ಸಲ ಎದುರಿಗೇ ಕೂತಿದ್ದ ಮಂತ್ರಿ ತೀರ್ಕೊಂಡ್ರು ಅಂತ ಸಂತಾಪ ಬರೆದುಬಿಟ್ಟಿದ್ದೆ. ಸರ್ಕಾರದೋರು ಆ ಒಂದು ಕಲಮು ಬಿಟ್ಟುಕೊಟ್ಟು ಉಳಿದಿದ್ದನ್ನ ದಾಟಿಸಿಕೊಂಡ್ರು ಕಣಮ್ಮ. ತಿದ್ದಿಬಿಡು, ಯಾರಿಗೂ ಗೊತ್ತಾಗಲ್ಲ."

ಅವಳು ತಿದ್ದಿದಳು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಮ್ಮನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದಳು. ಎದೆ ಹೊಡೆದುಕೊಳ್ಳಬೇಕಿತ್ತಲ್ಲ ಎಂದು ಕಾದಳು. ಮೂರನೆಯ ಸಲವೂ ಸ್ವಿಚ್ ಆಫ್.

ಮೂರೂಕಾಲಿಗೆ ಅಮ್ಮನೇ ಮಾಡಿದಳು. "ಮೊದ್ಲು ನಂಬ್ಲೇ ಇಲ್ಲ ಕಣೇ. 'ಪುಟ್ಟಿ ಹೇಳಿದ್ಲಾ? ಹಾಗಾದ್ರೆ ನಿಜಾನೇ' ಅಂದ. ಕಂಬಳಿ ಪಕ್ಕದೋನಿಗೆ ಕೊಟ್ಟುಬಿಡ್ತಾನಂತೆ, ಅವನಿಗೆ ಚಳಿ ಜಾಸ್ತಿಯಂತೆ."

"ಅಮ್ಮಾ, ಪಾಸಾಗಿಲ್ಲ."

"ಏನು?"

"ಬಿದ್ದುಹೋಗಿದೆ. ನಾನು ಮುಂಚೇನೇ ಬರೆದಿಟ್ಟಿದ್ದೆ. ತಪ್ಪಾಯ್ತು."

ಆ ಕಡೆ ಬಸ್ಸೊಂದು ನಿಂತು ಹೊರಟಿತು. ಅಮ್ಮ ಹತ್ತಲಿಲ್ಲವೆಂದು ಕಾಣುತ್ತದೆ.

"ನನ್ನ ಭೇಟಿ ಈ ತಿಂಗಳಿಗೆ ಮುಗೀತು," ಎಂದಳು ಕೊನೆಗೆ. ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. "ಮನೆಯ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು. ನಿನ್ನ ಪಾಲಿಂದು ನಾಲ್ಕು ವರ್ಷದಿಂದ ಹಾಗೇ ಬಿದ್ದಿದೆ. ನಾಳೆ ಬೆಳಿಗ್ಗೆ ಹೋಗು. ನಿಮ್ಮಣ್ಣ ಕಂಬಳಿ ಕೊಟ್ಟುಬಿಡೋ ಮುಂಚೆ."

"ನನಗೆ ಮಾತಾಡಕ್ಕೆ..."

"ಬರಲ್ಲ. ಗೊತ್ತು. ಆದ್ರೂ ಹೋಗು."

ಅವಳು ಮುಖ್ಯಸ್ಥರ ಮೇಜಿನ ಮುಂದೆ ಹೋಗಿ ನಿಂತು, ನಾಳೆ ರಜೆ ಬೇಕೆಂದಳು.

"ಯಾಕಮ್ಮ? ಇಷ್ಟಕ್ಕೆಲ್ಲ ಬೇಜಾರಾಗ್ತಾರಾ?"

"ಅಣ್ಣನ್ನ ನೋಡಿ ಬರಬೇಕು."

"ನಿನಗೆ ಅಣ್ಣ ಇದಾನಾ?" ಮಾತಿನಮಲ್ಲಿ ಕುರ್ಚಿ ತಿರುಗಿಸಿದಳು. "ಒಂದು ದಿನಾನೂ ಹೇಳಿಲ್ವಲ್ಲೇ! ಎಲ್ಲಿದಾನೆ?"

"ಜೈಲಲ್ಲಿ," ಎಂದಳು. ಅವಳು ರಜೆಯ ಚೀಟಿಗೆ ಕೈ ಚಾಚಿದಳು.