ನಿಂತು ಕತ್ತರಿಸುವವಳ ಪ್ಯಾಚು

ಕೆಲವರ ಕೈಯಲ್ಲಿ ದೇವರು ತಾನೇ ಬಂದು ಕೂತಿರುತ್ತಾನೆ. ಕತ್ತರಿಯಕ್ಕನ ಕೈ ಅಂಥದ್ದು. ಹೊಲಿಗೆಯಂಗಡಿಯ ಉದ್ದನೆಯ ಮೇಜಿಗೆ ಒರಗಿ ನಿಂತಳೆಂದರೆ, ಎಂಥ ಜಾರುವ ರೇಷ್ಮೆಯಲ್ಲೂ ಕತ್ತರಿ ದೋಣಿಯಂತೆ ಸಾಗುತ್ತಿತ್ತು. ಕತ್ತರಿಸಿದ್ದನ್ನು ಮಿಷನ್ನಿನ ಮುಂದೆ ಕೂತು ಹೊಲಿಯುವವಳು ಅವಳ ನಾದಿನಿ. ಅಂಗಡಿ ಇಬ್ಬರದು, ಜಗಳವೂ ಇಬ್ಬರದೇ.

ಮುಟ್ಟು ನಿಂತ ಮೇಲೆ ಆ ಕೈ ಅಳುಕತೊಡಗಿತು. ಕೆಲಸದ ನಡುವೆ ಎದೆಯಿಂದ ಬಿಸಿಯೆದ್ದು ಕೆನ್ನೆಗೇರುವುದು, ಹಣೆ ಬೆವರುವುದು. ಒಮ್ಮೆ ಯಾರದೋ ಕೆನೆಬಣ್ಣದ ರೇಷ್ಮೆಯ ಮೇಲೆ ಬೆವರು ತೊಟ್ಟಿಕ್ಕಿ ಕಲೆಯಾಯಿತು. ಆವತ್ತಿನಿಂದ ಅವಳು ಹತ್ತಿ ಬಟ್ಟೆ ಬಿಟ್ಟು ಬೇರೆ ಮುಟ್ಟಲಿಲ್ಲ. ರೇಷ್ಮೆ ತಂದವರನ್ನೆಲ್ಲ “ಆಮೇಲೆ ಬನ್ನಿ” ಎಂದು ಇಬ್ಬರೂ ಸಾಗಹಾಕುತ್ತಿದ್ದರು. ಆ ‘ಆಮೇಲೆ’ ಬರುವುದೇ ಇಲ್ಲವೇನೋ ಎಂಬ ಚಿಂತೆ ಕತ್ತರಿಯಕ್ಕನನ್ನು ಒಳಗೊಳಗೇ ತಿನ್ನುತ್ತಿತ್ತು.

“ಅತ್ತಿಗೆ, ನನ್ನ ಪ್ಯಾಚೇ ಒಂದು ಅಂಟಿಸ್ಕೊಳ್ಳಿ,” ಎಂದಳು ನಾದಿನಿ. ಗರ್ಭಕೋಶ ತೆಗೆಸಿಕೊಂಡ ಮೇಲೆ ಅವಳು ಚರ್ಮಕ್ಕೆ ಅಂಟಿಸುವ ಹಾರ್ಮೋನಿನ ಪ್ಯಾಚು ಹಾಕಿಕೊಂಡು ಹಾಯಾಗಿದ್ದಳು.

“ನಿನ್ನ ಅಳತೆ ಅಂಗಿ ನಂಗಾಗತ್ತೇನೇ? ನಡಿ, ಡಾಕ್ಟರಮ್ಮನ್ನೇ ಕೇಳೋಣ.”

ಡಾಕ್ಟರಮ್ಮ ಸಮಾಧಾನದ ಹೆಂಗಸು. ರಕ್ತದೊತ್ತಡ ನೋಡಿದರು, ಎದೆ ಪರೀಕ್ಷಿಸಿದರು, ಮನೆಯವರ ಕಾಯಿಲೆಗಳನ್ನೆಲ್ಲ ಕೇಳಿದರು.

“ನಾದಿನಿಗೆ ಪ್ಯಾಚಲ್ಲಿರೋ ಈಸ್ಟ್ರೋಜನ್ ಹಾರ್ಮೋನ್ ಒಂದೇ ಸಾಕು. ನಿಮಗೆ ಗರ್ಭಕೋಶ ಇದೆಯಲ್ಲಮ್ಮ. ಅದೊಂದನ್ನೇ ತಗೊಂಡ್ರೆ ಗರ್ಭಕೋಶದ ಒಳಪದರ ದಪ್ಪ ಆಗತ್ತೆ, ಮುಂದೆ ಕ್ಯಾನ್ಸರಿಗೂ ದಾರಿ ಆಗಬಹುದು. ಅದನ್ನ ಕಾಯೋಕೆ ಪ್ರೊಜೆಸ್ಟರಾನ್ ಬೇಕೇ ಬೇಕು. ಮಲಗೋ ಮುಂಚೆ ಒಂದು ಮಾತ್ರೆ.”

“ಕೋಟಿಗೆ ಒಳಗಡೆ ಅಸ್ತರು ಕೊಟ್ಟ ಹಾಗೆ!” ಎಂದಳು ನಾದಿನಿ.

“ಬಾಯಿಗೆ ಒಂದು ಹೊಲಿಗೆ ಹಾಕ್ಕೋ,” ಎಂದಳು ಅತ್ತಿಗೆ.

ಡಾಕ್ಟರಮ್ಮ ನಕ್ಕು ಮುಂದುವರಿಸಿದರು. “ಈಸ್ಟ್ರೋಜನ್ ಮಾತ್ರೇಲೂ ಸಿಗತ್ತೆ. ಆದ್ರೆ ನಿಮ್ಮ ತಾಯಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂದ್ರಿ. ಅದಕ್ಕೇ ನುಂಗೋದು ಬೇಡ. ಚರ್ಮದ ಮೂಲಕ ಹೋದ್ರೆ ಆ ಭಯ ಕಡಿಮೆ. ದಿನಾ ಹಚ್ಚೋ ಜೆಲ್ ಇದೆ, ವಾರಕ್ಕೆರಡು ಸಲ ಬದಲಾಯಿಸೋ ಪ್ಯಾಚ್ ಇದೆ. ನಿಮ್ಮ ದಿನಚರಿಗೆ ಯಾವುದು ಹೊಂದತ್ತೋ ನೀವೇ ಹೇಳಿ.”

ಜೆಲ್ ಎಂದೊಡನೆ ಕತ್ತರಿಯಕ್ಕನ ಕಣ್ಣ ಮುಂದೆ ರೇಷ್ಮೆಯ ಮೇಲಿನ ಇನ್ನೊಂದು ಕಲೆ ಬಂದು ನಿಂತಿತು. “ಪ್ಯಾಚೇ ಇರಲಿ.”

ಎಲ್ಲಿ ಅಂಟಿಸಬೇಕೆಂದು ಡಾಕ್ಟರಮ್ಮ ಹೇಳಲು ಹೊರಟರೆ, “ಅದನ್ನ ನಾನು ಹೇಳ್ಕೊಡ್ತೀನಿ ಬಿಡಿ” ಎಂದು ನಾದಿನಿ ಜಂಬದಿಂದ ಎದ್ದಳು. ಮನೆಗೆ ಬಂದು ಅತ್ತಿಗೆಯ ಕಿಬ್ಬೊಟ್ಟೆಯ ಮೇಲೆ, ತಾನು ಹಾಕಿಕೊಳ್ಳುವ ಜಾಗದಲ್ಲೇ, ಒತ್ತಿ ಅಂಟಿಸಿದಳು.

ಮೊದಮೊದಲು ಬಿಸಿ ಇಳಿದಂತಾಯಿತು, ಮತ್ತೆ ಏರಿತು. ಪ್ಯಾಚು ಬದಲಿಸಲು ನೋಡಿದರೆ ಎಷ್ಟೋ ಸಲ ಅದು ಇರುತ್ತಲೇ ಇರಲಿಲ್ಲ. ಸ್ನಾನದಲ್ಲಿ ಹೋಗಿರಬೇಕು ಎಂದುಕೊಂಡು ಹೊಸದನ್ನು ಅಂಟಿಸುವಳು. “ನನ್ನ ಮೈಗೆ ಮದ್ದೂ ನಾಟಲ್ಲ ಕಣೇ. ಕತ್ತರಿಗೆ ಬೇರೆ ಯಾರನ್ನಾದ್ರೂ ನೋಡ್ಕೋ,” ಎಂದಳು.

ಆ ವಾರವೇ ಒಬ್ಬ ಮದುಮಗ ತನ್ನ ಕೋಟು ಹಾಕಿ ನೋಡಲು ಬಂದ. ಪರದೆಯ ಹಿಂದಿನಿಂದ ಅವನ ದನಿ ಕೇಳಿತು. “ಅಕ್ಕಾ, ಅಸ್ತರಿನ ಮೇಲೆ ಏನೋ ಅಂಟಿದೆ. ನಿಮ್ಮಂಗಡಿ ಗುರುತಾ ಇದು?”

ನಾದಿನಿ ಹೋಗಿ ನೋಡಿದಳು. ಕೋಟಿನ ಒಳಗೆ, ಸೊಂಟದ ಹತ್ತಿರ, ಅತ್ತಿಗೆಯ ಪ್ಯಾಚು! “ಹೂಂ ಕಣಪ್ಪ, ಹೊಸ ಗುರುತು. ಸರಿಯಾಗಿ ಕೂತಿಲ್ಲ, ಕೊಡು,” ಎಂದು ಕಿತ್ತುಕೊಂಡಳು. ಅವನು ಆಚೆ ಹೋದದ್ದೇ ತಡ, ಇಬ್ಬರೂ ಮೇಜು ಹಿಡಿದು ನಕ್ಕರು.

ಸಂಗತಿ ಕೇಳಿ ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. “ಎಲ್ಲಿ, ಕೆಲಸ ಹೇಗೆ ಮಾಡ್ತೀರಿ ತೋರಿಸಿ.”

ಕತ್ತರಿಯಕ್ಕ ಅವರ ಮೇಜಿಗೇ ಒರಗಿ, ಮುಂದೆ ಬಾಗಿ, ಗಾಳಿಯಲ್ಲಿ ಕತ್ತರಿಯಾಡಿಸಿದಳು. ಮೇಜಿನ ಅಂಚು ಕಿಬ್ಬೊಟ್ಟೆಯನ್ನು ಉಜ್ಜುತ್ತಿತ್ತು. ಪ್ಯಾಚು ಕಿತ್ತು ಮೇಜಿನ ಮೇಲಿನ ಬಟ್ಟೆಗೆ ಅಂಟುತ್ತಿದ್ದುದು ಹಾಗೆ.

“ಅಯ್ಯೋ ನನ್ನ ಬುದ್ಧಿಗಿಷ್ಟು!” ನಾದಿನಿ ಹಣೆ ಚಚ್ಚಿಕೊಂಡಳು. “ಇಡೀ ದಿನ ಕೂತಿರೋಳು ನಾನು, ನಿಂತಿರೋರಿಗೆ ಜಾಗ ತೋರಿಸಿದೆ.”

“ಜೆಲ್ಲಿಗೆ ಬದಲಾಯಿಸಬಹುದು. ರಾತ್ರಿ ತೊಡೆಗೆ ಹಚ್ಚಿ, ಒಣಗೋಕೆ ಬಿಟ್ರೆ ಬಟ್ಟೆಗೆ ತಾಗಲ್ಲ,” ಎಂದರು ಡಾಕ್ಟರಮ್ಮ. “ಇಲ್ಲ, ಪ್ಯಾಚನ್ನೇ ಹಿಂದುಗಡೆ ಪಿರ್ರೆಯ ಮೇಲ್ಭಾಗಕ್ಕೆ ಹಾಕಬಹುದು. ನೀವು ಕೂರೋದೇ ಅಪರೂಪ.”

ಕತ್ತರಿಯಕ್ಕ ಕೊಂಚ ಯೋಚಿಸಿದಳು. “ಪ್ಯಾಚೇ ಇರಲಿ, ಹಿಂದುಗಡೆ. ಬಟ್ಟೆ ಸರಿಯಾಗೇ ಇತ್ತು, ಗುರುತು ಹಾಕಿದ ಜಾಗ ತಪ್ಪು, ಅಷ್ಟೆ.”

ಬಿಸಿ ಒಂದೇ ಸಲ ಹೋಗಲಿಲ್ಲ. ಬಾಗಿಲವರೆಗೆ ಬಂದು ಹಿಂದಿರುಗುವ ನೆಂಟರ ಹಾಗೆ ಮೆಲ್ಲಗೆ ಅಪರೂಪವಾಯಿತು. ನಿದ್ದೆ ಬಂತು. ಹಾಗಿರುವಾಗ ಒಬ್ಬಾಕೆ ನೀಲಿ ರೇಷ್ಮೆ ಹೊತ್ತು ತಂದಳು. “ಆಮೇಲೆ...” ಎಂದು ನಾದಿನಿ ಶುರುಮಾಡುವಷ್ಟರಲ್ಲಿ ಅತ್ತಿಗೆ ಅದನ್ನು ಮೇಜಿನ ಮೇಲೆ ಹರಡಿಯಾಗಿತ್ತು.

ಸಂಜೆಯ ಹೊತ್ತಿಗೆ ಮಿಷನ್ನಿನ ಪಕ್ಕ ರೇಷ್ಮೆಯ ತುಂಡುಗಳು ರಾಶಿ ಬಿದ್ದಿದ್ದವು.

“ಅತ್ತಿಗೆ, ಸಾಕು ಮಾಡಿ! ಇಷ್ಟನ್ನೂ ಹೊಲಿಯೋಳು ಯಾರು?” ಎಂದು ನಾದಿನಿ ಕೂಗುತ್ತಲೇ ಇದ್ದಳು. ಕತ್ತರಿ ನಿಲ್ಲಲಿಲ್ಲ.