ಕೊನೆಯ ಬಾರಿ ಬಿಸಿ ಕಂಡ ದಿನಾಂಕ

ಹದಿನೇಳು ಡಿಗ್ರಿ. ಅವನು ಉಷ್ಣಮಾಪಕವನ್ನು ಬಿರುಕಿನಿಂದ ಎಳೆದು, ಒರೆಸಿ, ಇನ್ನೊಮ್ಮೆ ತೂರಿಸಿದ. ಹದಿನೇಳೇ. ಹೊರಗಿನ ಗಾಳಿಯೂ ಅಷ್ಟೇ ಇತ್ತು.

ತೊಡೆಯ ಮೇಲಿದ್ದ ಸರ್ಕಾರಿ ನಮೂನೆಯಲ್ಲಿ ಮೂರು ಚೌಕಗಳು: ಸಕ್ರಿಯ ಜ್ವಾಲಾಮುಖಿ, ಸುಪ್ತ, ನಂದಿದ್ದು. ಬೇರೆ ಪರೀಕ್ಷೆಗಳೆಲ್ಲ ಮುಗಿದಿದ್ದವು. ಮೂರನೆಯದಕ್ಕೆ ಗುರುತು ಹಾಕುವುದು ಸುಲಭ. ಅದರ ಕೆಳಗೊಂದು ಸಾಲು: ಕೊನೆಯ ಬಾರಿ ಬಿಸಿ ಕಂಡ ದಿನಾಂಕ.

ಅಪ್ಪ ಇಲ್ಲಿ ದಿನಾ ಬಿಸಿ ಅಳೆಯುವ ವೀಕ್ಷಕನಾಗಿದ್ದಾಗ ಅಮ್ಮ ಈ ಬಂಡೆಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಬೆಚ್ಚಗಿನ ಅಂಗಿ ತೊಟ್ಟು ಅವನೂ ಅಕ್ಕನೂ ಶಾಲೆಗೆ ಓಡುತ್ತಿದ್ದರು. ಅಂಗಿಗೆ ಗಂಧಕದ ನಾತ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಆ ಒಂಟಿತನಕ್ಕೂ ಒಂದು ಗತ್ತಿತ್ತು.

ಆಮೇಲೆ ಅಪ್ಪನ ಮಂಡಿ ಕೈಕೊಟ್ಟಿತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಮಗ ದಿನಾ ಬೆಟ್ಟ ಹತ್ತಬೇಕಾಯಿತು. ಒಂದು ತಿಂಗಳು ಹತ್ತಿದ. ಆಮೇಲೆ ಕಾಲುದಾರಿಯ ತಿರುವಿನಲ್ಲೇ ಕೂತು ಕಾದಂಬರಿ ಓದಿ, ಹಿಂದಿರುಗುವಾಗ ಒಂದು ಸಂಖ್ಯೆ ತಂದುಕೊಡುತ್ತಿದ್ದ.

"ಇವತ್ತೆಷ್ಟೋ?"

"ನಲವತ್ತೊಂದು."

"ಭೇಷ್. ನನಗಿಂತ ಗಟ್ಟಿ ಇದೆ ಮುದಿ ಬೆಟ್ಟ."

ಆರು ವರ್ಷ ಅಪ್ಪ ಆ ಸಂಖ್ಯೆಗಳನ್ನು ನಂಬಿ ದಾಖಲೆಗೆ ಸಹಿ ಹಾಕಿದ್ದ. ಮಗನಿಗೆ ಗೊತ್ತಿದ್ದ ನಿಜವಾದ ದಿನಾಂಕ ಒಂದೇ, ಆ ಮೊದಲ ತಿಂಗಳಲ್ಲಿ ತಾನು ಕಡೆಯದಾಗಿ ಇಲ್ಲಿಗೆ ಹತ್ತಿದ್ದು. ಅದನ್ನು ಬರೆದರೆ ಆ ಸಹಿಗಳಷ್ಟೂ ಸುಳ್ಳಾಗುತ್ತವೆ.

ಫೋನ್ ಬಡಿದುಕೊಂಡಿತು. ಅಕ್ಕ.

"ಬೆಟ್ಟಕ್ಕೆ ತಿಥಿ ಮಾಡೋಕೆ ನೀನೇ ಬೇಕಿತ್ತೇನೋ ಅವರಿಗೆ?"

"ಡ್ಯೂಟಿ, ಅಕ್ಕ."

"ಆಯ್ತಪ್ಪ ಆಫೀಸರೇ. ಕೊನೆಗಾಲದಲ್ಲಿ ಆಸ್ಪತ್ರೇಲೂ ಅಪ್ಪ ಹೇಳ್ತಿದ್ರು, ಅದಿನ್ನೂ ಬೆಚ್ಚಗಿದೆ ಅಂತ. ಮತ್ತೆ ಯಾವಾಗ ಆರಿತು?"

"ನೋಡ್ಬೇಕು."

"ನೋಡೋದೇನು? ದಿನಾ ಹತ್ತಿ ಬರ್ತಿದ್ದೋನು ನೀನೇ ಅಲ್ವಾ?"

"ಇಲ್ಲಿ ಸಿಗ್ನಲ್ ಸರಿಯಿಲ್ಲ," ಎಂದು ಅವನು ಫೋನನ್ನು ಜೇಬಿಗಿಟ್ಟ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಕೆಳಗೆ ಜೀಪಿನವನು ಹಾರ್ನ್ ಒತ್ತಿದ. ದಿನಾಂಕದ ಸಾಲು ಇನ್ನೂ ಖಾಲಿ.

ಅವನು ಅಂಗಿಯ ತೋಳು ಮಡಿಸಿ, ಬಂಡೆಯ ಮೇಲೆ ಬೋರಲಾಗಿ, ಕೈಯನ್ನು ಭುಜದವರೆಗೂ ಬಿರುಕಿಗೆ ಇಳಿಸಿದ. ಮೊದಲು ಏನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಬೆರಳ ತುದಿಗೆ ಏನೋ ಬೆಚ್ಚಗೆ ತಾಗಿತು. ಬೆಟ್ಟದ್ದೋ, ತನ್ನದೇ ನೆತ್ತರಿನದೋ. ಕೈ ಹೊರಗೆಳೆದು ಅಷ್ಟೇ ಆಳಕ್ಕೆ ಉಷ್ಣಮಾಪಕ ಇಳಿಸಿದರೆ ತಿಳಿದುಬಿಡುತ್ತಿತ್ತು. ಹಾರ್ನ್ ಮತ್ತೆ ಕೂಗಿತು. ಅವನು ತಣ್ಣನೆಯ ಕಲ್ಲಿಗೆ ಕೆನ್ನೆಯೊತ್ತಿ, ಯಾರೋ ಒಳಗಿನಿಂದ ಕೈ ಹಿಡಿದುಕೊಂಡಂತೆ, ಹಾಗೆಯೇ ಬಿದ್ದಿದ್ದ.